ಬೆಳಗಿನ ಮೊದಲ ಲೋಟ

ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಬೈಯುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಪರಿಸರ ಮತ್ತು ಸಂಪನ್ಮೂಲ ವಿಜ್ಞಾನ ಓದಲು ಸೇರಿದ ಮೇಲೆ ಆ ಸಿಟ್ಟಿಗೂ ಒಂದು ಕೆಲಸ ಸಿಕ್ಕಿತು. ಹೊಗೆ ಉಗುಳುವ ಲಾರಿ ಕಂಡರೆ ಶಾಪ ಹಾಕುತ್ತಿದ್ದೆ. ಕಾಲುವೆಗೆ ಕಸ ಎಸೆಯುವವರ ಬೆನ್ನು ಹತ್ತಿ ಜಗಳ ತೆಗೆಯುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಆರಿಸುವಾಗಲೂ ಯಾರ ಮೇಲಾದರೂ ಹರಿಹಾಯಲು ಅವಕಾಶ ಇರುವುದನ್ನೇ ಹುಡುಕಿದೆ. ನಮ್ಮ ಓಣಿಯ ಹಿಂದೆ ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡುಗಳಿವೆ. ಅವುಗಳ ಪಕ್ಕದಲ್ಲೇ ಕಾಲುವೆ ಹರಿಯುತ್ತದೆ. ಆ ನೀರಿನಲ್ಲಿ ಎಷ್ಟು ಸೀಸವಿದೆ ಎಂದು ಅಳೆದು ಶೆಡ್ಡಿನವರ ಮಾನ ಹರಾಜು ಹಾಕುವುದು ನನ್ನ ಲೆಕ್ಕಾಚಾರವಾಗಿತ್ತು.

"ಕಾಲುವೆ ನೀರು ಸರಿ, ಆದ್ರೆ ಹೋಲಿಸಿ ನೋಡೋಕೆ ಒಂದು ಒಳ್ಳೆ ನೀರೂ ಬೇಕಲ್ಲ" ಎಂದರು ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ. "ನೀನು ಕಣ್ಣು ಮುಚ್ಚಿ ನಂಬೋ ಜಾಗದಿಂದ ಒಂದು ಬಾಟಲಿ ತಗೊಂಡು ಬಾ."

ಕಣ್ಣು ಮುಚ್ಚಿ ನಂಬುವ ನೀರು ನಮ್ಮ ಅಡುಗೆಮನೆಯ ನಲ್ಲಿಯದು. ಯಾಕೆಂದರೆ ಆ ನಲ್ಲಿ ಅಪ್ಪ ಕೂರಿಸಿದ್ದು.

ಅಪ್ಪ ಮೂವತ್ತು ವರ್ಷದಿಂದ ಪ್ಲಂಬರ್. ತಂಗಿ ಹುಟ್ಟುವ ಹಿಂದಿನ ವರ್ಷ ಮನೆಯ ಪೈಪುಗಳನ್ನೆಲ್ಲ ಕಿತ್ತು ಹೊಸದಾಗಿ ತಾಮ್ರದ ಪೈಪು ಎಳೆದಿದ್ದ. ಅವನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಸಾಯುವ ಮುಂಚೆ ಒಂದು ಕಟ್ಟು ಬೆಸುಗೆ ಕಡ್ಡಿ ಕೊಟ್ಟಿದ್ದರಂತೆ. ಅಂಥದ್ದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅಪ್ಪ ಅದನ್ನು ಬೇರೆ ಯಾರ ಮನೆಗೂ ಬಳಸದೆ ನಮ್ಮ ಮನೆಗೆಂದೇ ಜೋಪಾನ ಮಾಡಿಟ್ಟುಕೊಂಡಿದ್ದ. ಅದರಿಂದಲೇ ಬೆಸೆದ ಒಂದು ಜಾಯಿಂಟೂ ಹತ್ತು ವರ್ಷದಲ್ಲಿ ಒಂದು ಹನಿ ಸೋರಿಲ್ಲ. ಮನೆಗೆ ಬಂದ ನೆಂಟರನ್ನು ಸಿಂಕಿನ ಕೆಳಗೆ ಕುಕ್ಕರುಗಾಲಲ್ಲಿ ಕೂರಿಸಿ, "ಕೈ ಇಟ್ಟು ನೋಡಿ, ತೇವ ಇದ್ರೆ ನನ್ನ ಕಿವಿ ಕತ್ತರಿಸಿ" ಎನ್ನುವುದು ಅವನ ಖಯಾಲಿ. ಪಾಪ, ಅವರು ಕಾಫಿಗಿಂತ ಮೊದಲು ಪೈಪು ಮುಟ್ಟಬೇಕಿತ್ತು.

ಅದೆಲ್ಲ ನಡೆದಾಗ ನಾನು ಅಜ್ಜಿ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ಹನ್ನೆರಡು ತುಂಬಿದ ಮೇಲೆ ವಾಪಸು ಬಂದೆ. ತಂಗಿ ಆಗ ಆರು ತಿಂಗಳ ಕೂಸು. ಈಗ ಅವಳಿಗೆ ಒಂಬತ್ತು, ಎರಡನೇ ತರಗತಿಯಲ್ಲಿ ಎರಡನೇ ವರ್ಷ ಕೂತಿದ್ದಾಳೆ. ಜೋಕು ಹೇಳಿದರೆ ಎಲ್ಲರ ನಗು ಮುಗಿದ ಮೇಲೆ ಅವಳ ನಗು ಶುರುವಾಗುತ್ತದೆ. ಅದಕ್ಕೇ ಅವಳಿಗೆ ಟ್ಯೂಬ್‌ಲೈಟ್ ಎಂದು ಹೆಸರಿಟ್ಟವಳು ನಾನು. ಅವಳು ಅದನ್ನು ಬಿರುದಿನಂತೆ ತೆಗೆದುಕೊಂಡಳು. ನನ್ನ ಗೆಳತಿಯರು ಮನೆಗೆ ಬಂದಾಗ ಬಾಗಿಲಲ್ಲೇ ನಿಂತು, "ನಾನು ಟ್ಯೂಬ್‌ಲೈಟು, ಅಕ್ಕನ ತಂಗಿ" ಎಂದು ಪರಿಚಯ ಮಾಡಿಕೊಂಡಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಬೆಳಗಿನ ಐದಕ್ಕೇ ಹೋಗಿಬಿಡುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗು ಅಪ್ಪನದು. ತಂಗಿ ಕಣ್ಣುಜ್ಜಿಕೊಂಡು ಬಂದು ನಿಂತ ಮೇಲೆಯೇ ಆ ದಿನ ಮೊದಲ ಬಾರಿಗೆ ನಲ್ಲಿ ತಿರುಗಿಸಬೇಕು. "ಮೊದಲ ನೀರು ಪುಟ್ಟೀದು. ಹೊಟ್ಟೆ ತೊಳೆಯುತ್ತೆ, ಬುದ್ಧಿ ಚುರುಕು ಮಾಡುತ್ತೆ" ಎಂದು ಅಪ್ಪ ಸ್ಟೀಲಿನ ಲೋಟ ತುಂಬಿಸಿ ಕೊಡುವನು. ಅವಳು ಗಟಗಟ ಕುಡಿದು, ಒಂದು ಹನಿಯೂ ಉಳಿದಿಲ್ಲವೆಂದು ತೋರಿಸಲು ಲೋಟವನ್ನು ನೆತ್ತಿಯ ಮೇಲೆ ಬೋರಲು ಹಿಡಿಯುವಳು. ಅಪ್ಪ "ಶಭಾಷ್" ಎಂದ ಮೇಲೆಯೇ ಕೆಳಗಿಳಿಸುವುದು. ಒಂದನೇ ತರಗತಿಯ ಟೀಚರು ಹುಡುಗಿ ಹಿಂದುಳಿದಿದ್ದಾಳೆ ಎಂದು ಹೇಳಿ ಕಳಿಸಿದ ಮೇಲೆ ಅಪ್ಪ ಒಂದು ಲೋಟವನ್ನು ಎರಡು ಮಾಡಿದ.

ನಲ್ಲಿ ನೀರು ಅಳೆಯುವುದಾದರೆ ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಯಾರೂ ಮುಟ್ಟುವ ಮುಂಚೆ ಹಿಡಿಯಬೇಕು ಎಂದು ನಮ್ಮ ಕೈಪಿಡಿಯಲ್ಲಿತ್ತು. ನಾನು ಬಾಟಲಿ ಒಡ್ಡಿದಾಗ ತಂಗಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಅಕ್ಕಾ, ಅದು ನನ್ನ ನೀರು!"

"ತಡಿಯೇ ಟ್ಯೂಬ್‌ಲೈಟ್. ನಿನ್ನ ನೀರು ಯೂನಿವರ್ಸಿಟಿಗೆ ಹೋಗ್ತಿದೆ."

ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬಾಟಲಿಗೆ ಟಾಟಾ ಮಾಡಿದಳು.

ನಾಲ್ಕು ದಿನದ ಮೇಲೆ ಲ್ಯಾಬ್ ನೋಡಿಕೊಳ್ಳುವ ಮಾಮ ಫಲಿತಾಂಶದ ಹಾಳೆ ಕೈಗಿಟ್ಟು ನಕ್ಕರು. "ಬಾಟಲಿ ಅದಲು ಬದಲು ಮಾಡ್ಕೊಂಡಿದ್ದೀಯಮ್ಮ. ಮನೆ ಅಂತ ಬರೆದಿರೋದು ಕಾಲುವೇದು." ಮನೆಯ ನೀರಿನಲ್ಲಿ ಕುಡಿಯುವ ನೀರಿಗೆ ಇಟ್ಟ ಮಿತಿಯ ಒಂಬತ್ತು ಪಟ್ಟು ಸೀಸವಿತ್ತು. ಕಾಲುವೆಯದು ಅದರ ಅರ್ಧವೂ ಇರಲಿಲ್ಲ. ನಾನು ಚೀಟಿ ಅಂಟಿಸುವುದರಲ್ಲಿ ತಪ್ಪುವವಳಲ್ಲ. ನಿಮ್ಮ ಮೆಷೀನಿಗೇ ತಲೆ ಕೆಟ್ಟಿದೆ ಎಂದು ಅವರ ಮೇಲೆ ರೇಗಿದೆ. ಅವರು ಬೇಜಾರು ಮಾಡಿಕೊಳ್ಳದೆ ಇನ್ನೊಂದು ಬಾಟಲಿ ತಾ ಎಂದರು. ತಂದುಕೊಟ್ಟೆ. ಮತ್ತೆ ಒಂಬತ್ತು ಪಟ್ಟು. ಮೂರನೇ ಸಲ ಎರಡು ಬಾಟಲಿ ಹಿಡಿದೆ, ಒಂದು ನಲ್ಲಿ ತಿರುಗಿಸಿದ ಕೂಡಲೇ, ಇನ್ನೊಂದು ಐದು ನಿಮಿಷ ನೀರು ಹರಿಯಬಿಟ್ಟ ಮೇಲೆ. ಎರಡನೆಯದರಲ್ಲಿ ಸೀಸ ಇಲ್ಲವೆನ್ನುವಷ್ಟು ಕಮ್ಮಿ.

ಊರಿನ ನೀರು ಚೆನ್ನಾಗಿಯೇ ಇತ್ತು. ನಮ್ಮ ಮನೆಯ ಪೈಪಿನಲ್ಲಿ ರಾತ್ರಿ ಕಳೆದ ನೀರು ಮಾತ್ರ ಕೆಟ್ಟಿತ್ತು. ಮೊದಲ ಎರಡು ಲೋಟ.

ಮೇಡಂ ಹಾಳೆ ನೋಡಿ ಪ್ರಾಜೆಕ್ಟಿನ ಮಾತೇ ಎತ್ತಲಿಲ್ಲ. "ಬೆಸುಗೇಲಿ ಸೀಸ ಇದೆ. ಹಳೇ ಕಡ್ಡಿಗಳಲ್ಲಿ ಇರ್ತಿತ್ತು, ಅದಕ್ಕೇ ನಿಲ್ಲಿಸಿದ್ದು" ಎಂದು, ಕನ್ನಡಕ ತೆಗೆದು ಕೇಳಿದರು, "ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

ಸೀಸ ಮಕ್ಕಳ ಮಿದುಳಿನ ಬೆಳವಣಿಗೆ ಕುಗ್ಗಿಸುತ್ತದೆ ಎಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ.

ಪ್ರಾಜೆಕ್ಟಿಗೆ ಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಮಧ್ಯಾಹ್ನ ಬಂದ ವರದಿಯಲ್ಲಿ ಸೀಸ ಹೆಚ್ಚಿತ್ತು. ಡಾಕ್ಟರಮ್ಮ ನೇರ ಮಾತಿನವರು. "ಆ ನೀರು ನಿಲ್ಸಿದ್ರೆ ರಕ್ತದಲ್ಲಿರೋದು ನಿಧಾನಕ್ಕೆ ಇಳಿಯುತ್ತೆ. ಆದ್ರೆ ಕಲಿಯೋದ್ರಲ್ಲಿ ಹಿಂದೆ ಬಿದ್ದಿರೋದು ಎಷ್ಟು ಇದ್ರಿಂದಾನೇ ಆಯ್ತು ಅಂತ ಯಾರೂ ಹೇಳೋಕಾಗಲ್ಲ. ಹೋಗಿದ್ದು ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲಮ್ಮ."

ಬಸ್ಸಿನಲ್ಲಿ ತಂಗಿ ತೋಳಿಗೆ ಅಂಟಿಸಿದ್ದ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

"ಅಕ್ಕಾ, ಇವತ್ತು ಬೆಳಗ್ಗೆಯಿಂದ ನೀನು ನನ್ನನ್ನ ಟ್ಯೂಬ್‌ಲೈಟ್ ಅಂದೇ ಇಲ್ಲ. ಕೋಪಾನಾ?"

ಅವಳನ್ನು ಅವುಚಿಕೊಂಡೆ.

ಸಂಜೆ ಬೇಕರಿಯ ಹಿಂಬಾಗಿಲಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು, "ನಿಮ್ಮಪ್ಪಂಗೆ ಮಾತ್ರ ಹೇಳ್ಬೇಡ ಕಣೇ. ನೀರಿಗೆ ಬೇರೆ ಏನಾದ್ರೂ ದಾರಿ ಮಾಡೋಣ. ಗೊತ್ತಾದ್ರೆ ಆ ಮನುಷ್ಯ ಉಳಿಯಲ್ಲ."

ಲಾರಿಯವರಿಗೆ, ಶೆಡ್ಡಿನವರಿಗೆ ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳುತ್ತಿದ್ದ ನಾನು ಸತ್ಯ ಮುಚ್ಚಿಡಲು ಒಪ್ಪಿದೆ. ಮನೆಗೆ ಹೋಗಿ, ಊರಿಗೆ ನೀರು ತರುವ ದೊಡ್ಡ ಪೈಪಿನಲ್ಲಿ ಏನೋ ಬೆರೆತಿದೆಯಂತೆ, ಸ್ವಲ್ಪ ದಿನ ಕ್ಯಾನ್ ನೀರು ತರಿಸೋಣ ಎಂದೆ. ಮೂವತ್ತು ವರ್ಷದ ಪ್ಲಂಬರಿಗೆ ಪೈಪಿನ ವಿಷಯದಲ್ಲಿ ಟೋಪಿ ಹಾಕಲು ಹೊರಟಿದ್ದೆ.

"ಏನು ಬೆರೆತಿದೆ?" ಅಪ್ಪ ಕೇಳಿದ.

"ಸೀಸ."

"ಪಕ್ಕದ ಮನೇದು ಅಳೆದ್ಯಾ? ಅವರಿಗೂ ಅದೇ ಪೈಪಿಂದಾನೇ ಬರೋದು."

ನಾನು ಕ್ಯಾನ್ ನೀರಿನವನ ನಂಬರು ಹುಡುಕುವವಳಂತೆ ಫೋನು ತೆಗೆದೆ.

"ನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಿಡಿದ್ಯಾ? ಆಗ ಎಷ್ಟು ಬಂತು?"

ಇದನ್ನು ಮೇಡಂ ಕೂಡ ಇಷ್ಟು ಬೇಗ ಕೇಳಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ ಅಪ್ಪನಿಗೆ ಉತ್ತರ ಸಿಕ್ಕಿಬಿಟ್ಟಿತು. ನಿಧಾನಕ್ಕೆ ಹೋಗಿ ಸಿಂಕಿನ ಕೆಳಗೆ ಕೂತು, ನೆಂಟರಿಗೆ ತೋರಿಸುತ್ತಿದ್ದ ಜಾಯಿಂಟಿನ ಮೇಲೆ ಬೆರಳಿಟ್ಟ.

"ಒಂದೇ ಒಂದು ಸಲ ಸೋರಿದ್ರೂ ಕಿತ್ತು ಬಿಸಾಕ್ತಿದ್ದೆ" ಎಂದ. ಬೆರಳು ತೆಗೆಯದೆ, "ಎರಡು ಲೋಟ ಕೊಟ್ಟೆ ಕಣೇ. ಒಂದು ಸಾಲದು ಅಂತ."

"ಅಪ್ಪಾ, ನಿಂಗೆ ಗೊತ್ತಿರ್ಲಿಲ್ಲ."

"ಪೈಪು ಗೊತ್ತಿರೋನು ನಾನು. ಇನ್ಯಾರಿಗೆ ಗೊತ್ತಿರಬೇಕಿತ್ತು?"

ನಾನೂ ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಪೈಪುಗಳನ್ನು ಕತ್ತರಿಸಲು ಶುರು ಮಾಡಿದ್ದ. ಸಿಂಕಿನ ಕೆಳಗಿಂದ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ತಾಮ್ರದ ತುಂಡುಗಳ ಗುಡ್ಡೆ. ತಂಗಿ ಕಣ್ಣುಜ್ಜಿಕೊಂಡು ಲೋಟ ಹಿಡಿದು ಬಂದಳು. ಗರಗಸದ ಸದ್ದು ನಿಂತಿತು.

"ಅಪ್ಪಾ, ನನ್ನ ನೀರು?"

ಕಾಲುಗಳು ಅಲುಗಲಿಲ್ಲ. ನಾನು ರಾತ್ರಿಯೇ ತರಿಸಿದ್ದ ಕ್ಯಾನಿನಿಂದ ಬೇಗಬೇಗ ಲೋಟ ತುಂಬಿಸಿ ಕೊಟ್ಟೆ. ಅವಳು ಗಟಗಟ ಕುಡಿದಳು. ಮತ್ತೆ ಲೋಟ ಒಡ್ಡಿದಳು, ಎರಡನೆಯದನ್ನೂ ಕುಡಿದಳು. ಆಮೇಲೆ ಲೋಟವನ್ನು ನೆತ್ತಿಯ ಮೇಲೆ ಬೋರಲು ಹಿಡಿದು ಸಿಂಕಿನ ಕಡೆ ತಿರುಗಿ ನಿಂತಳು.

ಸಿಂಕಿನ ಕೆಳಗಿಂದ ಅಪ್ಪ ಬಿಕ್ಕುವುದು ಕೇಳಿಸಿತು. ಅಪ್ಪ ಅಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಶಭಾಷ್" ಎಂದೆ ನಾನೇ.

"ನೀನಲ್ಲ ಅಕ್ಕಾ. ಅಪ್ಪ ಹೇಳ್ಬೇಕು" ಎಂದು ತಂಗಿ ಲೋಟ ಇಳಿಸದೆ ಕಾಯುತ್ತ ನಿಂತಳು.