ಜನೀಲ್ ಜೆಪ್ಸನ್ನಳ ಅವಸರದ ಪದವಿ

ಊಟಕ್ಕೆ ಬಡಿಸುವ ಮೆತ್ತನೆಯ ಬನ್ನು, ಅಂದರೆ ರೋಲ್, ಮಾಡುವ ಕಾರ್ಖಾನೆಯಲ್ಲಿ ಜನೀಲ್ ಜೆಪ್ಸನ್ ಎಷ್ಟೋ ವರ್ಷಗಳಿಂದ ಪ್ರಭಾರ ವ್ಯವಸ್ಥಾಪಕಿ. ಹಿಂದಿನ ವ್ಯವಸ್ಥಾಪಕ ಮೊಣಕಾಲು ನೋವೆಂದು ಅರಿಜೋನಾದ ಬಿಸಿಲಿಗೆ ಹೋದವನು ತಿರುಗಿ ಬರಲಿಲ್ಲ. ಅವನು ಬರುವವರೆಗೆ ಸ್ವಲ್ಪ ನೋಡಿಕೊಂಡಿರು ಎಂದು ಮಾಲೀಕ ಬ್ರೆಂಟ್ ಆಲ್ರೆಡ್ ಹೇಳಿದ್ದ, ಅದು ಹಾಗೇ ಉಳಿದುಬಿಟ್ಟಿತು. ಹಿಟ್ಟಿನ ಲಾರಿ ಬಾರದಿದ್ದರೆ ಬೈಸಿಕೊಳ್ಳುವವಳು ಅವಳು, ಶೀತಲ ಕೋಣೆ ಕೆಟ್ಟರೆ ಓಡುವವಳು ಅವಳು. ಬಾಗಿಲ ಮೇಲಿನ ಹೆಸರು ಮಾತ್ರ ಅರಿಜೋನಾದವನದು. ಸ್ಯಾನ್‌ಪೀಟ್ ಕಣಿವೆಯಲ್ಲಿ ಮದುವೆಯಾಗಲಿ ಸಾವಾಗಲಿ, ಆ ಕಾರ್ಖಾನೆಯ ರೋಲ್ ಇಲ್ಲದೆ ಯಾರೂ ಊಟಕ್ಕೆ ಕೂರುವುದಿಲ್ಲ. ಕೆಲಸವೇನೋ ಮರ್ಯಾದೆಯದ್ದೇ. ಆದರೆ ಆ ಪ್ರಭಾರ ಎಂಬ ಪದ ಜನೀಲಳಿಗೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ಆ ಬೇಸಿಗೆ ಬ್ರೆಂಟ್ ಸೇಂಟ್ ಜಾರ್ಜ್ ಎಂಬ ಊರಿನಲ್ಲಿ ಉದ್ಯಮಿಗಳ ಸಮಾವೇಶಕ್ಕೆ ಹೋಗಿ ಬಂದ. ಹೋಗುವಾಗ ಸರಿಯಾಗೇ ಇದ್ದ. ಬರುವಾಗ ತಲೆಯಲ್ಲಿ ಒಂದು ಹುಳ ಬಿಟ್ಟುಕೊಂಡು ಬಂದಿದ್ದ. ಇನ್ನು ಮೇಲೆ ವ್ಯವಸ್ಥಾಪಕರ ಕುರ್ಚಿಯಲ್ಲಿ ಕೂರುವವರಿಗೆ ವ್ಯವಹಾರ ಆಡಳಿತದ ಸ್ನಾತಕೋತ್ತರ ಪದವಿ ಇರಲೇಬೇಕು!

"ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಯಾರನ್ನಾದ್ರೂ ಕಾಯಂ ಮಾಡ್ಬೇಕು ಜನೀಲ್. ನೀನಾದ್ರೆ ನಂಗೆ ಖುಷಿ. ಆದ್ರೆ ಪದವಿ ಬೇಕಲ್ಲ. ಸಾಲ್ಟ್ ಲೇಕಿಂದ ಒಬ್ಬನ ಅರ್ಜಿ ಬಂದಿದೆ."

"ಅವನಿಗೆ ರೋಲ್ ಬಗ್ಗೆ ಏನಾದ್ರೂ ಗೊತ್ತಾ?"

"ಈಜುಕೊಳಕ್ಕೆ ಹಾಕೋ ಔಷಧಿ ಮಾರ್ತಿದ್ನಂತೆ. ಆದ್ರೆ ಪದವಿ ಇದೆ."

ಹಬ್ಬಕ್ಕೆ ಮೂರು ತಿಂಗಳೂ ಇರಲಿಲ್ಲ. ಮೂರು ತಿಂಗಳಲ್ಲಿ ಸ್ನಾತಕೋತ್ತರ ಪದವಿ ಎಂದರೆ ಹಿಂದಿನವರು ನಗುತ್ತಿದ್ದರು. ಈಗ ನಗಬೇಕಾಗಿಲ್ಲ. ಗೊತ್ತಿದ್ದರೆ ಪಾಠ ಕೇಳಬೇಡಿ, ನೇರ ಪರೀಕ್ಷೆ ಬರೆಯಿರಿ ಎನ್ನುವ ಆನ್‌ಲೈನ್ ವಿಶ್ವವಿದ್ಯಾಲಯವೊಂದಿತ್ತು. ಆರು ತಿಂಗಳಿಗೆ ಒಂದೇ ಶುಲ್ಕ. ಅಷ್ಟರಲ್ಲಿ ಒಂದು ವಿಷಯ ಮುಗಿಸುತ್ತೀರೋ, ಇಡೀ ಪದವಿಯನ್ನೇ ಬಾಚಿಕೊಳ್ಳುತ್ತೀರೋ, ಅದು ನಿಮ್ಮ ಹೊಟ್ಟೆಯ ಹಸಿವು. ಇಂಥ ಏರ್ಪಾಡು ಕಂಡರೆ ನಮ್ಮ ಜನ ಬಿಡುತ್ತಾರೆಯೇ? ಎಷ್ಟು ಬೇಕಾದರೂ ತಿನ್ನಿ ಎಂಬ ಹೋಟೆಲಿಗೆ ಮಧ್ಯಾಹ್ನ ಉಪವಾಸವಿದ್ದು ಹೋಗುವ ಜನ ಇವರು.

ಹಾಗೆ ಬಾಚಿಕೊಂಡವರದ್ದೇ ಒಂದು ಹರಟೆಕಟ್ಟೆ ಇಂಟರ್ನೆಟ್ಟಿನಲ್ಲಿತ್ತು. ಜನೀಲ್ ಅಲ್ಲಿ ಇಣುಕಿ ದಂಗಾದಳು. ಒಬ್ಬ ಹಡಗಿನ ಪ್ರವಾಸದಲ್ಲಿ ಹೆಂಡತಿ ಈಜುತ್ತಿದ್ದಾಗ ಅರ್ಧ ಪದವಿ ಮುಗಿಸಿದ್ದ. ಒಬ್ಬಳು ಹೆರಿಗೆ ನೋವಿನ ನಡುವೆ ಹಣಕಾಸು ಶಾಸ್ತ್ರ ಮುಗಿಸಿ, ಮಗುವಿನ ತೂಕ ಹೇಳುವ ಮೊದಲು ತನ್ನ ಅಂಕ ಹೇಳಿಕೊಂಡಿದ್ದಳು. ಏನು ಕಲಿತಿರಿ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಎಷ್ಟು ದಿನ ಹಿಡಿಯಿತು ಎಂಬುದೊಂದೇ ಪ್ರಶ್ನೆ. ಜನೀಲಳಿಗೂ ಆ ಗಾಳಿ ಬಡಿಯಿತು.

ವಿಶ್ವವಿದ್ಯಾಲಯ ಅವಳಿಗೆ ಕೋಲ್ಟನ್ ಎಂಬ ಮಾರ್ಗದರ್ಶಕನನ್ನು ಕೊಟ್ಟಿತ್ತು. ವಾರಕ್ಕೊಮ್ಮೆ ಫೋನ್ ಮಾಡಿ ಹುರಿದುಂಬಿಸುವುದು ಅವನ ಕೆಲಸ.

"ಜನೀಲ್! ಲೆಕ್ಕಪತ್ರ ಮುಗೀತಾ? ಅದ್ಭುತ! ಮಾರಾಟ ಶಾಸ್ತ್ರ?"

"ಅದೂ ಮುಗೀತು."

"ಅದ್ಭುತ! ನೈತಿಕತೆ?"

"ಬೆಳಿಗ್ಗೆ ತಿಂಡಿಗೆ ಮುಂಚೆ ಮುಗಿಸ್ದೆ."

"ಅದ್ಭುತ! ಹಾಗಾದ್ರೆ ನಂಗೇನೂ ಕೆಲಸ ಇಲ್ಲ, ಫೋನ್ ಇಡ್ಲಾ?"

ಪರೀಕ್ಷೆ ಮಾತ್ರ ಸುಲಭವಿರಲಿಲ್ಲ. ಓದುವುದು ಕಷ್ಟವೆಂದಲ್ಲ, ಮನೆಯೇ ಕಷ್ಟ. ಎಲ್ಲೋ ದೂರದಲ್ಲಿ ಕೂತ ಮೇಲ್ವಿಚಾರಕಿ ಕ್ಯಾಮೆರಾದಲ್ಲಿ ಕೋಣೆಯನ್ನೆಲ್ಲ ತೋರಿಸು ಎನ್ನುತ್ತಾಳೆ. ಗೋಡೆಯ ಮೇಲೆ ಒಂದಕ್ಷರ ಬರಹವೂ ಇರಕೂಡದು. ಅದು ಬೇರೆ ಊರಿನವರು ಮಾಡಿದ ನಿಯಮ ಎಂಬುದು ಆಗಲೇ ಗೊತ್ತಾಗುತ್ತದೆ. ಈ ಕಣಿವೆಯಲ್ಲಿ ಬರಹವಿಲ್ಲದ ಗೋಡೆ ಯಾರ ಮನೆಯಲ್ಲಿದೆ?

"ನಿಮ್ಮ ಹಿಂದೆ ಏನೋ ಬರ್ದಿದೆ ಮೇಡಂ."

"ಅದಾ? ಕುಟುಂಬ ಶಾಶ್ವತ ಅಂತ."

"ತೆಗೀರಿ."

ಗಂಡ ಲಮಾರ್ ಬಂದು ಶಾಶ್ವತ ಕುಟುಂಬವನ್ನು ಮೊಳೆಯಿಂದ ಇಳಿಸಿದ. ಅದರ ಪಕ್ಕದಲ್ಲಿ ಕೃತಜ್ಞರಾಗಿರಿ ಎಂದಿತ್ತು. ಅದನ್ನೂ ಇಳಿಸಿದ. ಆಚೆ ಗೋಡೆಯ ಮೇಲೆ ಪ್ರಾರ್ಥನೆಯಿಂದ ದಿನ ಆರಂಭಿಸಿ ಎಂಬುದನ್ನು ನೇರ ಗೋಡೆಗೇ ಅಂಟಿಸಿದ್ದರು, ಅದು ಏಳಲಿಲ್ಲ. ಬಚ್ಚಲಿಗೆ ಹೋದರೆ ಅಲ್ಲಿ ಕೈ ತೊಳೆಯಿರಿ, ಯೇಸು ಎಲ್ಲೆಡೆ ಇದ್ದಾನೆ, ಕ್ರಿಮಿಗಳೂ ಇವೆ ಎಂದಿತ್ತು. ಕೊನೆಗೆ ಲ್ಯಾಪ್‌ಟಾಪ್ ಹೊತ್ತು ನೆಲಮಾಳಿಗೆಯ ಉಗ್ರಾಣಕ್ಕೆ ಇಳಿದರು. ಅಲ್ಲಿ ಕಷ್ಟಕಾಲಕ್ಕೆಂದು ಕೂಡಿಟ್ಟ ಗೋಧಿಯ ಬಕೆಟ್ಟು, ಪೀಚ್ ಹಣ್ಣಿನ ಸೀಸೆ, ಟೊಮೆಟೊ ಡಬ್ಬಿ ಸೂರಿನವರೆಗೆ ತುಂಬಿದ್ದವು.

"ಡಬ್ಬಿ ಮೇಲೂ ಬರ್ದಿದೆ ಮೇಡಂ."

"ಅದು ಟೊಮೆಟೊ ಅಂತ ಬರ್ದಿರೋದು ತಾಯಿ! ವ್ಯೂಹಾತ್ಮಕ ನಿರ್ವಹಣೆ ಪರೀಕ್ಷೆಗೂ ಟೊಮೆಟೊಗೂ ಏನು ಸಂಬಂಧ?"

"ನಿಯಮ ಮೇಡಂ."

ಲಮಾರ್ ಡಬ್ಬಿಗಳನ್ನೆಲ್ಲ ಹಿಮ್ಮುಖ ತಿರುಗಿಸಿದ. ಮುಂದೆ ಎಷ್ಟೋ ದಿನ ಆ ಮನೆಯಲ್ಲಿ ಬಟಾಣಿ ಎಂದು ತೆರೆದರೆ ಅನಾನಸು ಬರುತ್ತಿತ್ತು.

ಬರೆದು ಕಳಿಸುವ ಪ್ರಬಂಧಗಳಿಗೆ ಅಂಕವಿರಲಿಲ್ಲ. ಮುಖ ಕಾಣದ ಮೌಲ್ಯಮಾಪಕರು ಸಮರ್ಥ ಎಂದು ಹೇಳುತ್ತಿದ್ದರು, ಇಲ್ಲವೇ ಸಾಮರ್ಥ್ಯದ ಸಮೀಪದಲ್ಲಿದೆ ಎಂದು ವಾಪಸು ಕಳಿಸುತ್ತಿದ್ದರು. ನಪಾಸು ಎಂದರೆ ಯಾರಿಗಾದರೂ ನೋವಾದೀತು ನೋಡಿ! ಜನೀಲಳಿಗೆ ಅಡುಗೆಗೆ ಪುರುಸೊತ್ತಿಲ್ಲದೆ ಲಮಾರನೇ ಪ್ಯಾನ್‌ಕೇಕ್ ಹುಯ್ಯುತ್ತಿದ್ದ. ಅವಳು ಸೀದ ಅಂಚನ್ನು ಎತ್ತಿ ನೋಡಿ, "ಸಾಮರ್ಥ್ಯದ ಸಮೀಪದಲ್ಲಿದೆ ಕಣ್ರೀ," ಎನ್ನುತ್ತಿದ್ದಳು. "ತಿನ್ನೋರೂ ಹಾಗೇ ಇದ್ದಾರೆ," ಎನ್ನುತ್ತಿದ್ದ ಅವನು.

ಉಳಿದ ದಿನ ಪಕ್ಕದ ಮನೆಯ ವೆಲ್ಡಾ ಊಟ ತಂದುಕೊಡುತ್ತಿದ್ದಳು. ವೆಲ್ಡಾ ಜನೀಲಳಿಗಿಂತ ಹತ್ತು ವರ್ಷ ದೊಡ್ಡವಳು, ಅದೇ ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಪಾಳಿ ಹಂಚುವವಳು. ಯಾರ ಮಗುವಿಗೆ ಜ್ವರ, ಯಾರಿಗೆ ಯಾರ ಜೊತೆ ಜಗಳ ಎಂದೆಲ್ಲ ನೋಡಿ ಅದಲು ಬದಲು ಮಾಡಿ, ದಿನವಿಡೀ ಫೋನಿನಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಅವಳ ಗಂಡನ ಸಕ್ಕರೆ ಕಾಯಿಲೆಯ ಔಷಧಿಯೆಲ್ಲ ಕಾರ್ಖಾನೆ ಕೊಡುವ ವಿಮೆಯಲ್ಲೇ ನಡೆಯುತ್ತಿತ್ತು. ಜನೀಲ್ ಕಾಯಂ ಆಗಲಿ ಎಂದು ಜನೀಲಳಿಗಿಂತ ಹೆಚ್ಚಾಗಿ ಹಂಬಲಿಸಿದವಳು ಅವಳೇ.

ಎಲ್ಲ ಮುಗಿದು ಕೊನೆಯ ಪ್ರಬಂಧವೊಂದು ಉಳಿಯಿತು. ಒಂದು ಸಂಸ್ಥೆಯನ್ನು ಆರಿಸಿ, ಅದರ ಸಮಸ್ಯೆ ಗುರುತಿಸಿ, ಪರಿಹಾರ ಸೂಚಿಸಬೇಕು. ಹೊಸ ಸಂಸ್ಥೆ ಹುಡುಕಲು ಸಮಯವೆಲ್ಲಿ? ಜನೀಲ್ ತನ್ನ ಕಾರ್ಖಾನೆಯನ್ನೇ ಹೆಸರು ಬದಲಿಸದೆ ಬರೆದಳು. ಹಿಟ್ಟು ಪೋಲಾಗದಂತೆ ಮಾಡುವ ಬಗೆಯನ್ನು ಪರಿಹಾರವಾಗಿ ಕೊಟ್ಟಳು. ಪ್ರಬಂಧ ವಾಪಸು ಬಂತು. ತಿದ್ದಿ ಕಳಿಸಿದರೆ ಮತ್ತೆ ಬಂತು. ಹಬ್ಬ ಹತ್ತಿರವಾಗುತ್ತಿತ್ತು. ಸಾಲ್ಟ್ ಲೇಕಿನ ಈಜುಕೊಳದವನು ಕಾರ್ಖಾನೆ ನೋಡಲು ಬಂದು, ಎಲ್ಲರ ಕೈ ಕುಲುಕಿ, ತಿಂಡಿ ತಿಂದು ಹೋಗಿಯೂ ಆಗಿತ್ತು.

ಚೀಸು ಸುರಿದ ಆಲೂಗಡ್ಡೆಯ ತಟ್ಟೆ ಹಿಡಿದು ಬಂದ ವೆಲ್ಡಾ, ಜನೀಲ್ ಅಳುವುದನ್ನು ನೋಡಿದಳು.

"ಏನಂತೆ ಆ ಮುಖ ಇಲ್ಲದೋರಿಗೆ?"

"ಪರಿಹಾರ ದಿಟ್ಟವಾಗಿಲ್ಲವಂತೆ. ಸಿಬ್ಬಂದಿ ವೆಚ್ಚ ಇಳಿಯೋದು ಕಾಣ್ತಿಲ್ಲವಂತೆ."

"ಹಾಗಂದ್ರೆ?"

"ಯಾರನ್ನಾದ್ರೂ ಕೆಲಸದಿಂದ ತೆಗೀಬೇಕಂತೆ ವೆಲ್ಡಾ."

"ಅಷ್ಟೇನಾ? ನನ್ನನ್ನೇ ತೆಗಿಯೇ ಹುಚ್ಚಿ!"

"ಥೂ, ಬಿಡ್ತು ಅನ್ನು."

"ಇದನ್ನ ಓದೋರು ಯಾರೇ? ಪೈಜಾಮ ಹಾಕ್ಕೊಂಡು ಎಲ್ಲೋ ಕೂತಿರೋ ಯಾವನೋ ಒಬ್ಬ. ತೆಗಿ, ತೆಗಿ. ತೆಗೆದು ಆಲೂಗಡ್ಡೆ ತಿನ್ನು, ಆರಿ ಹೋಗುತ್ತೆ."

ಜನೀಲ್ ಕಣ್ಣೊರೆಸಿಕೊಂಡು ಕೂತಳು. ಪಾಳಿ ಹಂಚುವುದಕ್ಕೆ ಮನುಷ್ಯರು ಬೇಡ, ಒಂದು ಸಾಫ್ಟ್‌ವೇರ್ ಸಾಕು, ಆ ಹುದ್ದೆಯನ್ನೇ ರದ್ದು ಮಾಡಬೇಕು ಎಂದು ಬರೆದಳು. ಬರೆಯುತ್ತ ಬರೆಯುತ್ತ ಕೈಗೆ ಹದ ಸಿಕ್ಕಿತು. ಎಷ್ಟು ಉಳಿತಾಯವೆಂದು ತೋರಿಸಲು ಉದ್ದುದ್ದ ಪಟ್ಟಿಗಳ ಬಣ್ಣದ ನಕ್ಷೆಯೊಂದನ್ನು ಹಾಕಿದಳು. ಎದುರಿಗೆ ಕೂತು ಆಲೂಗಡ್ಡೆ ಬಡಿಸುತ್ತಿದ್ದ ವೆಲ್ಡಾ ಆ ನಕ್ಷೆಯಲ್ಲಿ ಹಸಿರು ಪಟ್ಟಿಯಾದಳು. ಅದು ಚೆನ್ನಾಗಿ ಬಂದಿದೆ ಎಂದು ಜನೀಲಳಿಗೆ ಒಳಗೊಳಗೇ ಹಿಗ್ಗಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಈ ಸಲ ಸಮರ್ಥ ಎಂದು ಬಂತು. ಬರೀ ಸಮರ್ಥವಲ್ಲ, ಉತ್ಕೃಷ್ಟ ಪ್ರಬಂಧವೆಂಬ ಪ್ರಶಸ್ತಿಯೂ ಬಂತು. ಜನೀಲ್ ಹರಟೆಕಟ್ಟೆಗೆ ಹೋಗಿ ತನ್ನ ದಿನಗಳ ಲೆಕ್ಕ ಹೇಳಿದಳು. ಒಬ್ಬ ಭೇಷ್ ಎಂದ, ಇನ್ನೊಬ್ಬ ತನಗೆ ಅದರ ಅರ್ಧ ಸಾಕಾಗಿತ್ತು ಎಂದ.

ನೆರೆಯವರಿಗೆ ಒಳ್ಳೆಯದಾದರೆ ಊರಿಗೆಲ್ಲ ಸಾರದಿದ್ದರೆ ಈ ಕಣಿವೆಯ ಹೆಂಗಸರಿಗೆ ಉಂಡ ಅನ್ನ ಅರಗುವುದಿಲ್ಲ. ವೆಲ್ಡಾ ಹಟ ಹಿಡಿದು ಆ ಪ್ರಬಂಧದ ಪ್ರತಿ ಕೇಳಿದಳು. ಇಟ್ಟುಕೊಳ್ಳಲಿಕ್ಕೆ ಇರಬೇಕು ಎಂದು ಜನೀಲ್ ಕೊಟ್ಟಳು. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದದ್ದೇ, ವೆಲ್ಡಾ ಅದಕ್ಕೆ ರಿಬ್ಬನ್ ಕಟ್ಟಿ, ಮೇಲೊಂದು ಕುಕ್ಕಿ ಪೊಟ್ಟಣವಿಟ್ಟು, ಮುಂದಿನ ಬೆಂಚಿನಲ್ಲಿ ಕೂತಿದ್ದ ಬ್ರೆಂಟನ ಕೈಗೆ ಹಾಕಿದಳು. "ಪ್ರಶಸ್ತಿ ಬಂದಿರೋದು ಇದಕ್ಕೇ, ಬ್ರದರ್ ಆಲ್ರೆಡ್! ನಮ್ಮ ಜನೀಲ್ ಬರ್ದಿರೋದು!" ಎಂದಳು, ಹೆತ್ತ ಮಗಳೇ ಬರೆದಿದ್ದಾಳೆ ಎನ್ನುವಂತೆ.

ಅದನ್ನು ನೋಡಿದ ಜನೀಲ್ ವೆಲ್ಡಾಳನ್ನು ಪಕ್ಕಕ್ಕೆ ಎಳೆದಳು.

"ಏನೇ ಮಾಡ್ದೆ ನೀನು? ಅದ್ರಲ್ಲಿ ನಿನ್ನ ಹುದ್ದೆ..."

"ಅಯ್ಯೋ, ಬ್ರೆಂಟ್ ಓದ್ತಾನಾ? ಹುಟ್ಟಿದಾಗಿಂದ ನೋಡಿದೀನಿ ಅವನ್ನ. ಹಿಟ್ಟಿನ ಚೀಲದ ಮೇಲಿರೋದು ಬಿಟ್ಟು ಇನ್ನೇನೂ ಓದಿದೋನಲ್ಲ."

ಅವಳ ಮಾತು ಬಹುಪಾಲು ನಿಜವೇ. ಬ್ರೆಂಟ್ ಓದಲಿಲ್ಲ, ಬಣ್ಣದ ನಕ್ಷೆಯೊಂದನ್ನು ನೋಡಿದ.

ಸೋಮವಾರ ಜನೀಲಳನ್ನು ಕರೆಸಿದಾಗ ಅವನ ಮೇಜಿನ ಮೇಲೆ ಹೊಸ ನಾಮಫಲಕವಿತ್ತು. ಹಿತ್ತಾಳೆಯದು. ಜನೀಲ್ ಜೆಪ್ಸನ್, ವ್ಯವಸ್ಥಾಪಕಿ. ಹಿಂದೆ ಮುಂದೆ ಇನ್ಯಾವ ಪದವೂ ಇಲ್ಲ.

"ಈಜುಕೊಳದವನಿಗೆ ಬೇಡ ಅಂತ ಹೇಳ್ಬಿಟ್ಟೆ," ಎಂದ ಬ್ರೆಂಟ್. "ಪದವಿ ಅಂದ್ರೆ ಇದು ನೋಡು. ಇಷ್ಟು ವರ್ಷ ನಂಗೆ ಹೊಳೀಲೇ ಇಲ್ಲ. ಮೊದಲು ಆ ಹಸಿರು ಪಟ್ಟಿ ಕೆಲಸ ಮುಗಿಸಿಬಿಡು. ಹಬ್ಬಕ್ಕೆ ಮುಂಚೆಯೇ ಆಗ್ಲಿ."

"ಅದು ಬರೀ ಪರೀಕ್ಷೆಗೆ ಅಂತ ಬರ್ದಿದ್ದು, ಬ್ರೆಂಟ್. ನಿಜ ಅಲ್ಲ."

ಬ್ರೆಂಟನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಸುಳ್ಳು ಬರ್ದಿದ್ದಕ್ಕೆ ಪ್ರಶಸ್ತಿ ಕೊಟ್ರಾ? ಹಾಗಾದ್ರೆ ಪದವಿನೂ ಸುಳ್ಳೇನಾ?"

ಜನೀಲ್ ನಾಮಫಲಕ ನೋಡಿದಳು. ಪ್ರಬಂಧ ತಪ್ಪೆಂದರೆ ಪದವಿ ಹೋಗುತ್ತದೆ, ಪದವಿ ಹೋದರೆ ಕುರ್ಚಿ ಹೋಗುತ್ತದೆ. ಪ್ರಬಂಧ ಸರಿಯೆಂದರೆ ವೆಲ್ಡಾ ಹೋಗುತ್ತಾಳೆ. ಎರಡೂ ಉಳಿಯುವ ದಾರಿಯೊಂದು ಇದ್ದಿರಬಹುದು, ಯೋಚಿಸಲು ಒಂದು ದಿನ ಕೊಡಿ ಎಂದು ಕೇಳಬಹುದಿತ್ತು. ಆದರೆ ಅಷ್ಟು ವಾರಗಳಿಂದ ಪ್ರಶ್ನೆ ಕಂಡ ಕೂಡಲೇ ಉತ್ತರ ಒತ್ತಿ ಮುಂದೆ ಹೋಗುವ ಅಭ್ಯಾಸವಾಗಿತ್ತು ಅವಳಿಗೆ.

"ವಿಮೆ?" ಎಂದಳು. "ಅವಳ ಗಂಡನ ಔಷಧಿ?"

"ವರ್ಷದ ಕೊನೇವರೆಗೆ ಮುಂದುವರ್ಸೋಣ. ನಾನೇನು ರಾಕ್ಷಸನಾ?"

ಜನೀಲ್ ನಾಮಫಲಕ ಎತ್ತಿಕೊಂಡಳು.

ವೆಲ್ಡಾ ಫೋನಿನಲ್ಲಿದ್ದಳು. ಯಾರಿಗೋ ಮಗಳ ನೃತ್ಯ ಕಾರ್ಯಕ್ರಮಕ್ಕೆ ಸಂಜೆ ಪಾಳಿ ತಪ್ಪಿಸಿಕೊಡುತ್ತಿದ್ದಳು. ಜನೀಲಳ ಕೈಯಲ್ಲಿದ್ದುದನ್ನು ಕಂಡು ಫೋನು ಇಟ್ಟು, ಓಡಿ ಬಂದು ಅಪ್ಪಿಕೊಂಡಳು. ಅಪ್ಪಿಕೊಂಡಾಗಲೇ ಏನೋ ಸರಿಯಿಲ್ಲ ಎಂದು ಅವಳಿಗೆ ತಿಳಿಯಿತು.

"ಕೂತ್ಕೋ ವೆಲ್ಡಾ," ಎಂದಳು ಜನೀಲ್. ಆಮೇಲೆ ಬಾಯಿಂದ ಮಾತುಗಳು ಸರಾಗವಾಗಿ ಬಂದವು. ಸಂಸ್ಥೆ ಒಂದು ಪರಿವರ್ತನೆಯ ಹಂತದಲ್ಲಿದೆ. ಈ ಹೊತ್ತಿನಲ್ಲಿ ನಿನಗಾಗುವ ಭಾವನೆಗಳೆಲ್ಲ ಸಹಜ, ಅವನ್ನು ನಾವು ಗೌರವಿಸುತ್ತೇವೆ. ಪ್ರತಿಯೊಂದು ಅಂತ್ಯವೂ ಹೊಸ ಅವಕಾಶದ ಬಾಗಿಲು.

ವೆಲ್ಡಾ ಕೊನೆಯವರೆಗೂ ಕೇಳಿದಳು.

"ಯಾವ ಪಾಠದ್ದೇ ಇದು?"

"ಬದಲಾವಣೆಯ ನಿರ್ವಹಣೆ," ಎಂದಳು ಜನೀಲ್, ನೆಲ ನೋಡುತ್ತ.

"ಎಷ್ಟು ದಿನದಲ್ಲಿ ಮುಗಿಸ್ದೆ ಅದನ್ನ?"

"ಒಂದು ಮಧ್ಯಾಹ್ನ."

"ಹೂಂ. ಗೊತ್ತಾಗುತ್ತೆ," ಎಂದಳು ವೆಲ್ಡಾ. ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಅವಳು ಅದನ್ನು ಎತ್ತಿ ಜನೀಲಳ ಕೈಗೆ ಕೊಟ್ಟಳು.