ಎಲೆ ಕಿತ್ತ ಬ್ಲ್ಯಾಕ್‌ಬೆರಿ

ಏಕಾಂತಮ್ಮನ ಕೈ ಸುಮ್ಮನಿರುವ ಕೈಯಲ್ಲ. ಇಪ್ಪತ್ತಾರು ವರ್ಷ ಹರಿಯಬ್ಬೆ ಊರಿನ ದಾಳಿಂಬೆ ತೋಟದಲ್ಲಿ ಕೂಲಿಗೆ ದುಡಿದ ಕೈ ಅದು. ಕಾಯಿಯನ್ನು ಬೆರಳಿನಿಂದ ತಟ್ಟಿ, ಬಲಿತಿದೆಯೋ ಇನ್ನೂ ನಾಲ್ಕು ದಿನ ಬೇಕೋ ಹೇಳಿಬಿಡುತ್ತಿದ್ದಳು. ಮೇಸ್ತ್ರಿ ಗಂಗಾಧರಪ್ಪ ಹೊಸದಾಗಿ ಬಂದ ಹೆಂಗಸರಿಗೆ "ಏಕಾಂತಮ್ಮನ ಹಿಂದೆ ನಿಂತ್ಕಂಡು ಕಲ್ತ್ಕಳ್ರಿ" ಅಂತ ಹೇಳಿ ತಾನು ಬೀಡಿ ಹಚ್ಚಿ ಕೂರುತ್ತಿದ್ದ. ಅಂಥವಳಿಗೆ ಹಿರಿಯೂರಿನ ತನ್ನ ಸ್ವಂತ ಮನೆಯ ಹಿತ್ತಲಿನಲ್ಲಿ ಮೂರು ಗಿಡ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಅಪ್ಪಣೆ ಮಾಡಿದವಳು ಸೊಸೆ ರಮ್ಯಾ. ಹಾಗಂತ ಸೊಸೆಯನ್ನು ಬೈಯುವ ಹಾಗೂ ಇಲ್ಲ, ತಪ್ಪು ಪೂರ್ತಿ ಅತ್ತೆಯದೇ.

ರಮ್ಯಾ ಹೊಸದುರ್ಗದ ಹುಡುಗಿ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಫೋನಿನಲ್ಲೇ ಆರ್ಡರ್ ಮಾಡಿ ಮೂರು ಜಾತಿಯ ಬ್ಲ್ಯಾಕ್‌ಬೆರಿ ಸಸಿ ತರಿಸಿದಳು. ರಟ್ಟಿನ ಡಬ್ಬ ಬಿಚ್ಚಿದಾಗ ಒಳಗಿದ್ದದ್ದು ತೆಂಗಿನ ನಾರು ಸುತ್ತಿದ ಮೂರು ಒಣಕಲು ಕಡ್ಡಿ. ಹಣ್ಣು ಹೇಗಿರುತ್ತದೆಂದು ಅವಳು ಫೋನಿನಲ್ಲಿ ಫೋಟೋ ತೋರಿಸಿದಳು.

"ಹಿಪ್ಪುನೇರಳೆ ಹಣ್ಣಲ್ವೇನವ್ವ ಇದು. ರೇಷ್ಮೆ ತೋಟದಾಗೆ ಬೇಕಾದಷ್ಟು ಬಿದ್ದಿರ್ತಾವೆ" ಎಂದಳು ಏಕಾಂತಮ್ಮ.

"ನೋಡಕ್ಕೆ ಹಂಗೇ ಕಾಣ್ತೈತೆ ಅತ್ತೆ. ಆದ್ರೆ ಇದು ಗುಲಾಬಿ ಕಡೆ ನೆಂಟ್ರು."

ಗುಲಾಬಿಯ ನೆಂಟರೆಂದು ಗೊತ್ತಾದ ಮೇಲೆ ಏಕಾಂತಮ್ಮನಿಗೆ ಗಿಡಗಳ ಮೇಲೆ ಗೌರವ ಬಂತು. ಚೀಟಿಯ ಮೇಲಿದ್ದ ಹೆಸರುಗಳು ಅವಳ ನಾಲಿಗೆಗೆ ಒಗ್ಗಲಿಲ್ಲ, ತಾನೇ ನಾಮಕರಣ ಮಾಡಿದಳು. ಮೈತುಂಬ ಮುಳ್ಳಿದ್ದು ಬಿಲ್ಲಿನಂತೆ ಬಾಗುತ್ತಿದ್ದವಳು ಮುಳ್ಳಮ್ಮ. ಮುಳ್ಳಿಲ್ಲದೆ ನೆಟ್ಟಗೆ ನಿಲ್ಲುವವಳು ನುಣ್ಣಮ್ಮ. ಮೂರನೆಯವಳು ಚಿಗುರಲು ಒಂದು ತಿಂಗಳು ತೆಗೆದುಕೊಂಡಿದ್ದರಿಂದ ಸೋಮಾರಿ.

ಸೋಮಾರಿಯೂ ಸೇರಿ ಮೂರೂ ಮೊದಲ ವರ್ಷ ಆಳೆತ್ತರ ಬೆಳೆದವು. ರಮ್ಯಾ ತಂತಿ ಎಳೆದು ಕಡ್ಡಿಗಳನ್ನು ಕಟ್ಟಿದಳು, ಬೇವಿನ ಹಿಂಡಿ ಹಾಕಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅವಳು ತವರಿಗೆ ಹೋಗಿದ್ದಾಗ ಏಕಾಂತಮ್ಮ ಕುಡುಗೋಲು ಹಿಡಿದು ಹಿತ್ತಲಿಗೆ ಇಳಿದಳು. ಕಾಕಡ ಹೂವಿನ ಗಿಡವನ್ನು ವರ್ಷಕ್ಕೊಮ್ಮೆ ಗಿಡ್ಡಕ್ಕೆ ಸವರಿದರೆ ಹೊಸ ಚಿಗುರಿನ ತುಂಬ ಮೊಗ್ಗು ಬರುತ್ತದೆ. ಆ ಸೀಮೆಯಲ್ಲಿ ಹೂವು ಬೆಳೆದವರಿಗೆಲ್ಲ ಗೊತ್ತಿರುವ ಮಾತು. ಸೊಸೆ ಬರುವಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿಟ್ಟಿರೋಣವೆಂದು ಮೂರನ್ನೂ ಗೇಣುದ್ದಕ್ಕೆ ಸವರಿದಳು. ಕಡ್ಡಿಗಳನ್ನು ಹಂಡೆಯ ಒಲೆಗೆ ತುರುಕಿ, ನೀರು ಕಾಯಿಸಿ, ತೃಪ್ತಿಯಾಗಿ ಸ್ನಾನವನ್ನೂ ಮಾಡಿದಳು.

ಸಂಜೆ ಬಂದ ರಮ್ಯಾ ಹಿತ್ತಲಿಗೆ ಇಳಿದು ಗೇಣುದ್ದದ ಮೋಟುಗಳ ಮುಂದೆ ಕೂತಳು.

"ಅತ್ತೆ, ಇವು ಕಾಕಡದಂಗಲ್ಲ. ಈ ವರ್ಷ ಬೆಳೆದ ಕಡ್ಡಿ ಮುಂದಿನ ವರ್ಷ ಹಣ್ಣು ಬಿಡೋದು. ಹಣ್ಣು ಬಿಟ್ಟ ಮೇಲೆ ಅದನ್ನ ಕೊಯ್ಯಬೇಕು. ಅದಕ್ಕೆ ಮುಂಚೆ ಅಲ್ಲ."

ಏಕಾಂತಮ್ಮನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಒಂದು ವರ್ಷದ ಹಣ್ಣನ್ನು ಒಲೆಗೆ ಹಾಕಿ ಮೈ ತೊಳೆದುಕೊಂಡಿದ್ದಳು. ನುಣ್ಣಮ್ಮನದು ಹೊಸ ಕಡ್ಡಿಯ ತುದಿಯಲ್ಲೂ ಒಂದಿಷ್ಟು ಬಿಡುವ ಜಾತಿಯಾದ್ದರಿಂದ ಅವಳು ಮಾತ್ರ ಮಳೆಗಾಲದಲ್ಲಿ ಏಳು ಹಣ್ಣು ಕೊಟ್ಟಳು. ಅದರಲ್ಲಿ ನಾಲ್ಕು ಅಳಿಲಿನ ಪಾಲಾದವು.

ರಮ್ಯಾ ರೇಗಲಿಲ್ಲ. ರೇಗಿದ್ದರೆ ಏಕಾಂತಮ್ಮನಿಗೂ ಎರಡು ಮಾತು ತಿರುಗಿಸಿ ಹಗುರಾಗಬಹುದಿತ್ತು. ಮಡಿಯ ಸುತ್ತ ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿ, ಮೆತ್ತಗೆ, "ಇನ್ಮೇಲೆ ಇವನ್ನ ನಾನೇ ನೋಡ್ಕಂತೀನಿ. ನೀವು ಕೈ ಹಾಕಬ್ಯಾಡ್ರಿ ಅತ್ತೆ" ಅಂದಳು. ಆ ಮೆತ್ತಗಿನ ಮಾತು ಏಕಾಂತಮ್ಮನ ಎದೆಗೆ ನಾಟಿ ಕೂತಿತು. ಕರಿಬೇವಿಗೆ ನೀರು ಹಾಕುವಾಗ, ಬಟ್ಟೆ ಒಣಹಾಕುವಾಗ, ಆ ಹಗ್ಗ ಕಂಡಾಗಲೆಲ್ಲ ಅವಳಿಗೆ ತನ್ನ ಕೈಯ ಮೇಲೇ ನಾಚಿಕೆಯಾಗುತ್ತಿತ್ತು.

ಎರಡನೇ ವರ್ಷ ಕಡ್ಡಿಗಳು ಮತ್ತೆ ಬೆಳೆದವು, ಯಾರೂ ಅವನ್ನು ಸವರಲಿಲ್ಲ. ದೀಪಾವಳಿ ಬಂದರೂ ಮೂರೂ ಹಚ್ಚಗೆ ಎಲೆ ಹೊದ್ದು ನಿಂತಿದ್ದವು. ಅಕ್ಕಪಕ್ಕದವರು ನೋಡಿ ಚೆನ್ನಾಗಿವೆ ಎಂದರು. ರಮ್ಯಾ ಮಾತ್ರ ಸಪ್ಪಗಾದಳು. ಅದೇ ಬೀದಿಯ ನಿವೃತ್ತ ಮೇಷ್ಟ್ರು ಮುರುಗೇಶಪ್ಪ, ಊರಿನ ಕೈತೋಟದ ಗುಂಪಿಗೆ ಅವರೇ ಹಿರಿಯರು, ಬಂದು ನೋಡಿ ತೀರ್ಪು ಕೊಟ್ಟರು.

"ಈ ಗಿಡಕ್ಕೆ ಚಳಿಗಾಲ ಬೇಕಮ್ಮ. ಚಳಿಗೆ ಎಲೆ ಉದುರಿಸಿ ನಿದ್ದೆ ಮಾಡಿ ಎದ್ರೆ ತಾನೇ ಹೂವು ಬಿಡೋದು. ಹಿರಿಯೂರಾಗೆ ಎಲ್ಲೈತೆ ಅಂಥ ಚಳಿ. ಇವು ಎಲೆ ಬಿಟ್ಕಂಡೇ ಮುದುಕಾಗ್ತವೆ."

ಏಕಾಂತಮ್ಮನ ಮಗ ಮೋಹನ್‌ಕುಮಾರ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹಳೆಯ ಕಾರೊಂದನ್ನು ಕೊಂಡು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಅವನಿಗೆ ಈ ತೀರ್ಪು ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಸಂಕ್ರಾಂತಿ ಕಳೆದ ಮೇಲೆ ಗಿಡ ಕಿತ್ತು ಶೆಡ್ ಹಾಕುವುದೆಂದು ಗಂಡ ಹೆಂಡತಿ ಮಾತಾಡಿಕೊಂಡರು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಏಕಾಂತಮ್ಮನ ಕಿವಿಗೆ ಅದು ಬಿತ್ತು. ಗಿಡ ಹೋದರೆ ತಾನು ಮಾಡಿದ ಕೆಟ್ಟ ಕೆಲಸವೊಂದೇ ಉಳಿಯುತ್ತದೆ, ತಿದ್ದಿಕೊಳ್ಳಲು ಕಡ್ಡಿಯೂ ಇರುವುದಿಲ್ಲ ಎಂದುಕೊಂಡು ಅವಳು ಬೆಳ್ಳುಳ್ಳಿಯನ್ನು ಅಲ್ಲೇ ಬಿಟ್ಟು ಎದ್ದಳು.

ಆದರೆ ಮೇಷ್ಟ್ರ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಎಲೆ ಉದುರಿಸಿ ನಿದ್ದೆ ಮಾಡಿ ಎದ್ದರೆ ಹೂವು. ಅದನ್ನೇ ತಾನೇ ದಾಳಿಂಬೆಗೆ ಅವಳು ಇಪ್ಪತ್ತಾರು ವರ್ಷ ಮಾಡಿದ್ದು. ಬೆಳೆ ಬೇಕಾದ ಕಾಲಕ್ಕೆ ನೀರು ನಿಲ್ಲಿಸುವುದು, ಗಿಡ ಬಾಡಿ ಸುಸ್ತಾಗುವ ತನಕ ಬಾಯಾರಿಸುವುದು, ಎಲೆ ಉದುರಿಸುವುದು. ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ, ಎಲ್ಲಿತ್ತೋ ಏನೋ, ಮೈತುಂಬ ಕೆಂಪು ಹೂವು. ದಾಳಿಂಬೆಯೇನು ಚಳಿ ನೋಡಿ ಹೂ ಬಿಡುತ್ತಿತ್ತೇ?

ಒಂದು ಬೆಳಿಗ್ಗೆ ಸೊಸೆಗೆ ಹೇಳಿಯೂ ನೋಡಿದಳು. ರಮ್ಯಾ ಶಾಲೆಯ ಬ್ಯಾಗು ಹೆಗಲಿಗೇರಿಸುತ್ತ, "ದಾಳಿಂಬೆ ಬ್ಯಾರೆ, ಇದು ಬ್ಯಾರೆ ಅತ್ತೆ" ಎಂದಳು. ಕಾಕಡವೂ ಬೇರೆಯಾಗಿತ್ತಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅದು ಇಬ್ಬರಿಗೂ ಕೇಳಿಸಿತು. ಮೇಷ್ಟ್ರ ತೀರ್ಪಿನಿಂದ ಬೇಜಾರಾಗಿ ರಮ್ಯಾ ಗಿಡಕ್ಕೆ ನೀರು ಹಾಕುವುದನ್ನೂ ಬಿಟ್ಟಿದ್ದಳು. ಏಕಾಂತಮ್ಮ ಅದನ್ನು ಗಮನಿಸಿದಳು. ಬಾಯಾರಿಸುವ ಕೆಲಸ ತಾನಾಗಿಯೇ ನಡೆಯುತ್ತಿತ್ತು.

ಡಿಸೆಂಬರಿನಲ್ಲಿ ರಮ್ಯಾ ಹತ್ತು ದಿನದ ತರಬೇತಿಗೆಂದು ಚಿತ್ರದುರ್ಗಕ್ಕೆ ಹೋದಳು. ಅಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಳು. ಅವಳು ಹೋದ ಮೊದಲ ದಿನ ಏಕಾಂತಮ್ಮ ಹಗ್ಗದ ಇತ್ತಕಡೆ ಓಡಾಡಿದಳು. ಎರಡನೇ ದಿನವೂ ಓಡಾಡಿದಳು. ಮೂರನೇ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ದಾಟಿದಳು. ಕುಡುಗೋಲನ್ನು ಮಾತ್ರ ಬೇಕೆಂದೇ ಒಳಗೆ ಬಿಟ್ಟುಬಂದಿದ್ದಳು.

ಒಂದೊಂದೇ ಎಲೆ. ತೊಟ್ಟು ಹಿಡಿದು ಕೆಳಕ್ಕೆ ಎಳೆದರೆ ಅದರ ಬುಡದಲ್ಲಿರುವ ಚಿಗುರುವ ಕಣ್ಣಿಗೆ ಪೆಟ್ಟಾಗುತ್ತದೆ, ಮೇಲಕ್ಕೆ ಮಡಚಿ ಕೀಳಬೇಕು. ಆ ಕಣ್ಣಿನಿಂದಲೇ ಹೂವು ಬರಬೇಕಾದ್ದು. ನುಣ್ಣಮ್ಮ ಒಂದು ಮಧ್ಯಾಹ್ನದಲ್ಲಿ ಮುಗಿದಳು. ಮುಳ್ಳಮ್ಮನಿಗೆ ಎರಡು ದಿನ ಹಿಡಿಯಿತು, ಬೆರಳೆಲ್ಲ ಗೀರಿ ರಕ್ತ ಬಂತು. ಕೊನೆಗೆ ಸೋಮಾರಿಯನ್ನೂ ಬೋಳು ಮಾಡಿದಳು. ಡಿಪೋದಿಂದ ಬಂದ ಮೋಹನ್‌ಕುಮಾರ್ ಬೋಳು ಕಡ್ಡಿಗಳನ್ನು ನೋಡಿ ಹಣೆ ಚಚ್ಚಿಕೊಂಡ.

"ಅಮ್ಮ, ನಿಂಗೇನು ಬಂದೈತೆ? ಅವಳು ಬಂದು ನೋಡಿದ್ರೆ ಏನಂತಾಳೆ."

"ಶೆಡ್ ಹಾಕೋನಿಗೆ ನಿಂಗ್ಯಾಕಲೇ ಗಿಡದ ಚಿಂತೆ. ಆ ಗೊಬ್ಬರದ ಚೀಲ ಇತ್ತಕಡೆ ಎತ್ತಿಡು."

ಕೊಟ್ಟಿಗೆ ಗೊಬ್ಬರ ಹಾಕಿ, ಆರು ವಾರದ ಮೇಲೆ ಮೊದಲ ಸಲ ಬುಡ ತೋಯುವಂತೆ ನೀರು ಬಿಟ್ಟಳು. ಸೋಮಾರಿಗೂ ಅಷ್ಟೇ ಕೊಟ್ಟಳು.

ರಮ್ಯಾ ಬಂದದ್ದು ಶನಿವಾರ ಮಧ್ಯಾಹ್ನ. ಹಿತ್ತಲಿಗೆ ಹೋದಳು, ನೋಡಿದಳು, ಒಳಗೆ ಬಂದು ನೀರು ಕುಡಿದಳು, ಮತ್ತೆ ಹೋಗಿ ನೋಡಿದಳು. ಏಕಾಂತಮ್ಮ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ತಪ್ಪಿಸಿಕೊಂಡು ಹೋಗುವ ಪೈಕಿ ಅಲ್ಲ ಅವಳು.

"ಒಂದು ಮಾತು ಕೇಳಿ ಮಾಡಬಾರದಿತ್ತಾ ಅತ್ತೆ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಹೂಂ, ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ. ಹೋದ ಸಲ ಗೊತ್ತಿಲ್ದೆ ಮಾಡಿದ್ದು, ತಪ್ಪಾತು. ಈ ಸಲ ಗೊತ್ತಿದ್ದೇ ಮಾಡೀನಿ. ಒಂದು ಕಡ್ಡೀನೂ ಕೊಯ್ದಿಲ್ಲ, ಎಣಿಸ್ಕ."

ರಮ್ಯಾ ಅತ್ತೆಯ ಗೀರಿದ ಬೆರಳುಗಳನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿಗೋ ಮತ್ಯಾವುದಕ್ಕೋ ಅವಳಿಗೇ ತಿಳಿದಿರಲಿಕ್ಕಿಲ್ಲ.

"ಸಂಕ್ರಾಂತಿ ತನಕ ನೋಡಾಣ" ಎಂದಳು ಕೊನೆಗೆ.

ಆಮೇಲಿನ ದಿನಗಳು ಏಕಾಂತಮ್ಮನಿಗೆ ಉಪವಾಸದ ದಿನಗಳ ಹಾಗೆ ಉದ್ದವಾದವು. ಒಂದು ವಾರ ಕಡ್ಡಿಗಳು ಸತ್ತ ಹಾಗೆ ನಿಂತವು. ಎರಡು ವಾರವಾಯಿತು. ಮುರುಗೇಶಪ್ಪ ಕಾಂಪೌಂಡಿನ ಮೇಲಿಂದ ಇಣುಕಿ, "ಒಲೆಗೆ ಸೌದೆ ರೆಡಿ ಮಾಡಿದ್ರೇನು ಏಕಾಂತಮ್ಮ" ಎಂದು ಕೇಳಿ ಹೋದರು. ಅವಳು ಮನಸ್ಸಿನಲ್ಲೇ ಅವರ ಮೇಷ್ಟ್ರುಗಿರಿಗೆ ಒಂದು ದೊಡ್ಡ ನಮಸ್ಕಾರ ಹಾಕಿದಳು.

ನೀರು ಬಿಟ್ಟ ಹದಿನೇಳನೇ ದಿನ ಬೆಳಿಗ್ಗೆ ಕಸ ಗುಡಿಸುತ್ತ ಹಿತ್ತಲಿಗೆ ಬಂದವಳು ಹಾಗೇ ಬಗ್ಗಿ ನಿಂತಳು. ಮುಳ್ಳಮ್ಮನ ಕಡ್ಡಿಯಲ್ಲಿ, ಎಲೆ ಕಿತ್ತ ಪ್ರತಿಯೊಂದು ಕಣ್ಣಿನಲ್ಲೂ, ಜೋಳದ ಕಾಳಿನಷ್ಟು ಕೆಂಪು ಮೊಳಕೆ. ಬುಡದಿಂದ ತುದಿಯ ತನಕ, ಒಂದೂ ತಪ್ಪದೆ. ಏಕಾಂತಮ್ಮ ಯಾರನ್ನೂ ಕೂಗಲಿಲ್ಲ. ಪೊರಕೆ ಹಿಡಿದುಕೊಂಡು ಅಲ್ಲೇ ಕಾದಳು. ರಮ್ಯಾ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಂದಳು, ಎರಡು ಹೆಜ್ಜೆ ದಾಟಿ ಹೋದಳು, ತಿರುಗಿ ಬಂದಳು. ಬಾಯಿಯ ತುಂಬ ನೊರೆಯಿದ್ದುದರಿಂದ ಏನೂ ಹೇಳಲಾಗಲಿಲ್ಲ. ಅತ್ತೆಯ ತೋಳು ಹಿಡಿದು ಜೋರಾಗಿ ಅಲುಗಿಸಿದಳು, ಅಷ್ಟೇ.

ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಮೊಳಕೆಗಳು ಗೇಣುದ್ದದ ಚಿಗುರಾಗಿದ್ದವು, ಚಿಗುರಿನ ತುದಿಯಲ್ಲಿ ಮೊಗ್ಗಿನ ಗೊಂಚಲು. ಮೋಹನ್‌ಕುಮಾರ್ ಕಾರನ್ನು ಬೀದಿಯಲ್ಲೇ ನಿಲ್ಲಿಸಿ ಮೇಲೆ ಟಾರ್ಪಾಲು ಹೊದಿಸಿದ. ತಿಂಗಳ ಕೊನೆಗೆ ಬಿಳಿ ಹೂವು ಬಂತು, ಜೇನುಹುಳ ಎಲ್ಲಿದ್ದವೋ ಬಂದವು. ಹೂವು ಉದುರಿ ಹಸಿರು ಕಾಯಿಯಾದವು, ಹಸಿರು ಕೆಂಪಾಯಿತು. ಫೆಬ್ರವರಿ ಕೊನೆಯ ಬಿಸಿಲಿಗೆ ಕೆಲವು ಕಾಯಿಗಳ ಒಂದು ಮಗ್ಗುಲು ಬೆಳ್ಳಗೆ ಸುಟ್ಟಿದ್ದನ್ನು ಕಂಡು ಏಕಾಂತಮ್ಮ ಪಡುವಣ ಕಡೆಗೆ ತೆಂಗಿನ ಗರಿ ನೆಟ್ಟು ನೆರಳು ಮಾಡಿದಳು. ಇದಕ್ಕೂ ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಬೇಡವೆನ್ನಲಿಲ್ಲ.

ಯುಗಾದಿಗೆ ವಾರವಿರುವಾಗ ಮೊದಲ ಹಣ್ಣು ಕಪ್ಪಾಯಿತು. ಮಿರಮಿರ ಮಿಂಚುತ್ತಿತ್ತು. ರಮ್ಯಾ ತಡೆಯಲಾರದೆ ಕಿತ್ತು ಗಂಡನ ಬಾಯಿಗಿಟ್ಟಳು. ಅವನ ಮುಖ ಹುಣಸೆಕಾಯಿ ಕಚ್ಚಿದವನ ಮುಖವಾಯಿತು.

"ಇದಕ್ಕಾ ನನ್ನ ಕಾರು ಬಿಸಿಲಾಗೆ ಒಣಗ್ತಿರೋದು?"

"ಹೊಳಪು ಹೋಗ್ಲಿ ತಡೀರಿ" ಎಂದಳು ಏಕಾಂತಮ್ಮ. ಅವಳು ಇನ್ನೊಂದು ಹಣ್ಣಿನ ಮೇಲೆ ಕಣ್ಣಿಟ್ಟು ಕಾದಳು. ಕಪ್ಪಾದ ಮೇಲೆ ಎರಡು ಮೂರು ದಿನಕ್ಕೆ ಅದರ ಮಿಂಚು ಆರಿ ಮಂಕಾಯಿತು, ಕೊಂಚ ಊದಿಕೊಂಡಿತು, ಬೆರಳು ತಾಗಿಸಿದರೆ ತಾನೇ ಅಂಗೈಗೆ ಬಂತು. ಅದನ್ನು ಅರ್ಧ ಮಾಡಿ ಇಬ್ಬರಿಗೂ ಕೊಟ್ಟಳು. ಮೋಹನ್‌ಕುಮಾರ್ ಬಾಯಿ ಚಪ್ಪರಿಸಿ, ಇನ್ನೊಂದು ಸಿಗುತ್ತದೇನೋ ಎಂದು ಗಿಡದ ಕಡೆ ನೋಡಿದ.

ಆಮೇಲೆ ಶುರುವಾಯಿತು ಸುಗ್ಗಿ. ಬಿಸಿಲೇರುವ ಮುಂಚೆ ಅತ್ತೆ ಸೊಸೆ ಇಬ್ಬರೂ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಒಂದರ ಮೇಲೊಂದು ಹಾಕಿದರೆ ಕೆಳಗಿನದು ನಜ್ಜಾಗುತ್ತದೆಂದು ತಟ್ಟೆಯಲ್ಲಿ ಒಂದೇ ಪದರ. ಮುಳ್ಳಮ್ಮ ದಿನಕ್ಕೆ ಎರಡು ತಟ್ಟೆ ಕೊಟ್ಟಳು, ಹಣ್ಣು ಉದ್ದ, ಹುಳಿಯ ಜೊತೆ ಸಿಹಿ. ನುಣ್ಣಮ್ಮನದು ದುಂಡಗೆ, ಬರೀ ಸಿಹಿ. ಸೋಮಾರಿ ಆರು ಹೂ ಬಿಟ್ಟು ಆರನ್ನೂ ಉದುರಿಸಿದಳು. ಏಕಾಂತಮ್ಮ ಅವಳಿಗೆ ದಿನಾ ಮಂಗಳಾರತಿ ಮಾಡುತ್ತಿದ್ದಳು.

ಯುಗಾದಿ ಕಳೆದ ಭಾನುವಾರ ಮುರುಗೇಶಪ್ಪ ಕೈತೋಟದ ಗುಂಪಿನ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಬಂದರು. ಗೊಂಚಲುಗಳ ಮುಂದೆ ಕನ್ನಡಕ ಒರೆಸಿ ಒರೆಸಿ ನೋಡಿದರು. ಒಂದು ಹಣ್ಣು ತಿಂದರು, ಎರಡು ತಿಂದರು. ಐದನೆಯದನ್ನು ತಿನ್ನುವಾಗ ರಮ್ಯಾಳ ಕಡೆ ತಿರುಗಿದರು.

"ನಾನು ಬರಲ್ಲ ಅಂದಿದ್ದೆ, ಬಂದೈತೆ. ಹೆಂಗೆ ಮಾಡಿದೆಯಮ್ಮ, ಹೇಳು, ಎಲ್ರೂ ಬರ್ಕಳ್ಳಲಿ. ನಮಗೂ ಒಂದೊಂದು ಸಸಿ ಮಾಡಿಕೊಡು."

ಎಲ್ಲರೂ ಫೋನು, ಪುಸ್ತಕ ತೆಗೆದರು. ರಮ್ಯಾ ಒಳಗೆ ಹೋದಳು. ಕುರ್ಚಿಯೊಂದನ್ನು ಎತ್ತಿ ತಂದು ಗಿಡದ ಪಕ್ಕ ಹಾಕಿದಳು, ಗೋಡೆಗೆ ಆತು ನಿಂತಿದ್ದ ಅತ್ತೆಯ ಕೈ ಹಿಡಿದು ತಂದು ಅದರಲ್ಲಿ ಕೂರಿಸಿದಳು.

"ನನ್ನ ಕೇಳಬ್ಯಾಡ್ರಿ ಸರ್. ನಾನು ಕಿತ್ತು ಹಾಕ್ತೀನಿ ಅಂದೋಳು. ಬೆಳೆದೋರು ಇವ್ರು. ಸಸಿ ಕೊಡೋದು ಬಿಡೋದೂ ಇವ್ರಿಗೇ ಬಿಟ್ಟಿದ್ದು, ಗಿಡ ಇವ್ರವು."

ಏಕಾಂತಮ್ಮನಿಗೆ ಸೊಸೆಯನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು. ಹತ್ತು ಜನರ ಮುಂದೆ ಅದೆಲ್ಲ ಯಾಕೆಂದು ಸೆರಗಿನಿಂದ ಮೂಗು ಒರೆಸಿಕೊಂಡು ನೆಟ್ಟಗೆ ಕುಳಿತಳು.

"ಕೊಡ್ತೀನಿ. ಈ ಕಡ್ಡಿ ತುದಿ ಬಗ್ಗಿಸಿ ಮಣ್ಣಾಗೆ ಹೂತ್ರೆ ಬೇರು ಬಿಡ್ತೈತೆ, ಮಳೆಗಾಲಕ್ಕೆ ಸಸಿ ರೆಡಿ. ಆದ್ರೆ ಎಲೆ ಕೀಳೋ ಹೊತ್ತಿಗೆ ಒಬ್ಬೊಬ್ರ ಮನೆಗೂ ನಾನೇ ಬರ್ತೀನಿ, ನಾನು ಹೇಳೋ ತನಕ ಯಾರೂ ಒಂದೆಲೆ ಮುಟ್ಟಂಗಿಲ್ಲ. ಮೇಷ್ಟ್ರೇ, ನಿಂತ್ಕಂಡು ಹೆಂಗೆ ಬರೀತೀರಿ, ಕುಂತ್ಕಳ್ರಿ."

ಮುರುಗೇಶಪ್ಪ ಒಗೆಯುವ ಕಲ್ಲಿನ ಮೇಲೆ ಕುಳಿತು ಪೆನ್ನಿನ ಮುಚ್ಚಳ ತೆಗೆದರು.