ಬುಟ್ಟಿಗೆ ಬಿದ್ದ ಗೆರೆ

ಭಾವ ಬನಿಯನ್ ಬಿಚ್ಚಿ ನಮ್ಮ ಆಸ್ಪತ್ರೆಯ ಮಂಚದ ಮೇಲೆ ಮಲಗಿದ. ಅಕ್ಕನ ಗಂಡ, ನನಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅಪ್ಪನ ಕೊನೆಗಾಲದಲ್ಲಿ ಅಕ್ಕನನ್ನು ಕಳಿಸಿಕೊಡದ ಪುಣ್ಯಾತ್ಮ. ಕ್ರೇನ್ ನಡೆಸುವವನಿಗೆ ವರ್ಷಕ್ಕೊಮ್ಮೆ ಇಸಿಜಿ ಆಗಲೇಬೇಕು. ಅದನ್ನು ತೆಗೆಯುವ ಕರ್ಮ ನನ್ನ ಪಾಲಿಗೆ ಬಂದಿತ್ತು.

“ಕೈ ಎಷ್ಟು ತಣ್ಣಗಿದೆ! ನಿಮ್ಮಪ್ಪನೂ ಹೀಗೇ ತಣ್ಣಗಾದ, ಅಲ್ವಾ?” ಎಂದ.

ಮೈಯೆಲ್ಲ ಉರಿದುಹೋಯಿತು. ಬಲಗೈಗೆ ಕೆಂಪು ವೈರು, ಎಡಗೈಗೆ ಹಳದಿ. ನಿದ್ದೆಗಣ್ಣಲ್ಲೂ ತಪ್ಪದ ಕೈ ನನ್ನದು. ಬೇಕೆಂದೇ ಅದಲುಬದಲು ಹಾಕಿದೆ. ಗೆರೆ ತಲೆಕೆಳಗಾಗಿ ಬರಲಿ, ಒಂದು ವಾರ ಹೆದರಿಕೊಂಡು ಒದ್ದಾಡಲಿ ಅಂತ.

ಡಾಕ್ಟರಮ್ಮ ಕಾಗದ ನೋಡಿದ್ದು ಒಂದೇ ಕ್ಷಣ. “ವೈರ್ ಉಲ್ಟಾ ಹಾಕಿದ್ದೀಯಲ್ಲಮ್ಮಾ! ಹತ್ತು ವರ್ಷದಿಂದ ಏನ್ ಕಲಿತೆ?” ಕಾಗದ ಬುಟ್ಟಿಗೆ ಬಿತ್ತು. ನನ್ನನ್ನು ಸರಿಸಿ ನರ್ಸ್ ಇನ್ನೊಂದು ತೆಗೆದಳು. ಅದು ಸರಿಯಾಗಿಯೇ ಇತ್ತು, ಸಹಿ ಬಿತ್ತು.

“ಬೇಕಂತ್ಲೇ ಮಾಡಿದ್ದು, ಗೊತ್ತು ಕಣೇ,” ಎಂದು ಭಾವ ಹಲ್ಲು ಕಿರಿದು ಹೋದ.

ನನ್ನ ಪಾಪದ ಗುರುತು ಉಳಿಯಬಾರದೆಂದು, ಹರಿದುಹಾಕಲು ಆ ಕಾಗದ ಎತ್ತಿಕೊಂಡೆ. ಕೆಳಗಿನ ಉದ್ದನೆಯ ಗೆರೆಯಲ್ಲಿ ಎರಡು ಕಡೆ ಸಣ್ಣ ಉಬ್ಬು ಇತ್ತು, ಅದರ ಹಿಂದೆಯೇ ಬರಬೇಕಾದ ಚೂಪು ಮೊನೆ ಇರಲಿಲ್ಲ. ಹೃದಯದ ಮೇಲಿನ ಕೋಣೆ ಕೊಟ್ಟ ಕರೆ ಕೆಳಗಿನ ಕೋಣೆಗೆ ಮುಟ್ಟಿರಲಿಲ್ಲ. ವೈರು ಎಲ್ಲಿ ಹಾಕಿದರೂ ಹೀಗಾಗುವುದಿಲ್ಲ.

ಓಡಿಹೋಗಿ ತೋರಿಸಿದೆ. ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಸರಿಯಾಗಿ ನೋಡ್ದೆ ಬಿಸಾಕಿಬಿಟ್ನಲ್ಲಾ! ಇದು ಬಿಟ್ಟುಬಿಟ್ಟು ಬರೋದು, ಎರಡನೇ ಸಲ ತೆಗೆದಾಗ ಸಿಕ್ಕಿಲ್ಲ ಅಷ್ಟೇ. ಕ್ರೇನ್ ಮೇಲೆ ಕೂತಾಗ ತಲೆ ತಿರುಗಿದ್ರೆ? ವಾಪಸ್ ಕರೆಸು.”

ಭಾವ ಫೋನ್ ಎತ್ತಲಿಲ್ಲ. ನನ್ನ ನಂಬರ್ ನೋಡಿ ಯಾಕೆ ಎತ್ತುತ್ತಾನೆ? ಅವನ ಮಧ್ಯಾಹ್ನದ ಪಾಳಿಗೆ ಅರ್ಧ ಗಂಟೆಯೂ ಇರಲಿಲ್ಲ. ಅಕ್ಕನಿಗೆ ಮಾಡಿದೆ.

“ಅಕ್ಕಾ, ಭಾವನ್ನ ತಡಿ. ಎದೆಯಲ್ಲಿ ತೊಂದ್ರೆ ಇದೆ, ಕ್ರೇನ್ ಹತ್ತಬಾರ್ದು.”

“ಅವರು ಈಗ ತಾನೇ ಎಲ್ಲಾ ಹೇಳಿದ್ರು. ಒಂದೇ ಮಾತು ಕೇಳ್ತೀನಿ, ಅಪ್ಪನಾಣೆಗೂ ನಿಜ ಹೇಳು. ವೈರು ಬೇಕಂತ್ಲೇ ತಪ್ಪು ಹಾಕಿದ್ಯಾ?”

ಇಲ್ಲ ಎಂದಿದ್ದರೆ ನಂಬುತ್ತಿದ್ದಳೇನೋ. ಅಪ್ಪನ ಹೆಸರೆತ್ತಿಬಿಟ್ಟಿದ್ದಳು, ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

“ಹೌದು, ಆದ್ರೆ...”

ಫೋನ್ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಕಾಗದ ಹಿಡಿದುಕೊಂಡು ಬೀದಿಗಿಳಿದು, ಅವನು ಕೆಲಸ ಮಾಡುವ ಕಟ್ಟಡದ ಕಡೆ ಓಡಿದೆ. ಇಷ್ಟು ವರ್ಷ ಅವನ ಸಾವು ಬಯಸಿದ ಬಾಯಲ್ಲೇ, ಬದುಕಿರೋ ಪಾಪಿ, ಬದುಕಿರೋ ಎಂದು ಬೈಯುತ್ತಾ ಓಡಿದೆ.